ಬಿಳಿಯ ಪಾದರಕ್ಷೆಯೂ ಒಳಗಿನ ಕಲೆಯೂ



ಹನ್ನೆರಡನೆಯ ಶತಮಾನದ ಶಿವಶರಣರು ಅನುಭಾವವನ್ನು ಹೇಳುವುದಕ್ಕೆ ದೂರದ ವಸ್ತುಗಳನ್ನು ಹುಡುಕಿಕೊಂಡು ಹೋದವರಲ್ಲ. ತಮ್ಮ ತಮ್ಮ ಕೈಗೆ ಒದಗಿದುದನ್ನೇ ಹಿಡಿದು ಮಾತನಾಡಿದರು. ಅಂಬಿಗರ ಚೌಡಯ್ಯನವರ ಮುಂದೆ ದೋಣಿಯಿತ್ತು. ಮಡಿವಾಳ ಮಾಚಿದೇವರ ಹೆಗಲ ಮೇಲೆ ಬಟ್ಟೆಯ ಗಂಟಿತ್ತು. ಸತ್ಯಕ್ಕನವರ ಕೈಯಲ್ಲಿ ಪೊರಕೆಯಿತ್ತು. ಮಾದಾರ ಧೂಳಯ್ಯನವರ ಎದುರಿಗೆ ಹೊಲಿಯಬೇಕಾದ ಪಾದರಕ್ಷೆಯಿತ್ತು. ಮಾದಾರ ಚೆನ್ನಯ್ಯನವರ ಅಂಕಿತದೊಳಗೇ ಚರ್ಮಕಾಯಕದ ಉಪಕರಣಗಳ ಹೆಸರು ಸೇರಿಕೊಂಡಿದೆ. ಕಾಯಕದ ವಸ್ತುವೇ ಅವರಿಗೆ ಗ್ರಂಥವಾಯಿತು. ಆದುದರಿಂದ ಗುಂಡ್ಲುಪೇಟೆಯ ಒಂದು ಭಕ್ತರ ಮನೆಯಲ್ಲಿ ಒಂದು ಜೊತೆ ಬಿಳಿಯ ಶೂ ವಚನವೊಂದಕ್ಕೆ ವ್ಯಾಖ್ಯಾನವಾಗಿ ಪರಿಣಮಿಸಿತೆಂದರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಆ ಮನೆಯ ಹಿರಿಯರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಊರಿನವರಿಗೆಲ್ಲ ಅವರು ಮೇಷ್ಟ್ರು. ನಿತ್ಯ ಇಷ್ಟಲಿಂಗ ಪೂಜೆ, ಶ್ರಾವಣದಲ್ಲಿ ವಚನ ಪಾರಾಯಣ, ತಿಂಗಳಿಗೊಮ್ಮೆ ಶಿವಾನುಭವ ಗೋಷ್ಠಿಯಲ್ಲಿ ಉಪನ್ಯಾಸ, ಇವು ಅವರ ಬಾಳಿನಲ್ಲಿ ತಪ್ಪದೆ ನಡೆದುಕೊಂಡು ಬಂದವು. ಬಸವಜಯಂತಿಯ ದಿನ ಹರಳಯ್ಯನವರ ಕಥೆಯನ್ನು ಅವರ ಬಾಯಿಂದಲೇ ಕೇಳಬೇಕೆಂದು ಜನ ಹೇಳುತ್ತಿದ್ದರು. ಕಥೆಯ ಕೊನೆಗೆ ಬರುವಾಗ ಮೇಷ್ಟ್ರ ಕಂಠ ಗದ್ಗದವಾಗುತ್ತಿತ್ತು, ಕೇಳುವವರ ಕಣ್ಣು ಒದ್ದೆಯಾಗುತ್ತಿತ್ತು. ಅದರಲ್ಲಿ ನಟನೆ ಇರಲಿಲ್ಲ. ಇದನ್ನು ಮೊದಲೇ ಹೇಳಬೇಕು. ಏಕೆಂದರೆ ಮುಂದಿನ ಪ್ರಸಂಗವು ಕಪಟಿಯೊಬ್ಬನ ಪ್ರಸಂಗವಲ್ಲ, ಪ್ರಾಮಾಣಿಕ ಭಕ್ತರೊಬ್ಬರದು.

ಮನೆಯಲ್ಲಿ ಅವರ ಪತ್ನಿ, ವಿಧವೆಯಾದ ಸೊಸೆ ಮತ್ತು ಹದಿನೆಂಟು ವರ್ಷದ ಮೊಮ್ಮಗ. ಮೊಮ್ಮಗನ ಓದು ಚಾಮರಾಜನಗರದ ಒಂದು ಕಾಲೇಜಿನಲ್ಲಿ. ದಿನವೂ ಬೆಳಿಗ್ಗೆ ಬಸ್ಸು ಹತ್ತಿ ತೆರಕಣಾಂಬಿಯ ಮಾರ್ಗವಾಗಿ ಸುಮಾರು 35 ಕಿಲೋಮೀಟರ್ ಹೋಗಿ ಸಂಜೆ ಹಿಂದಿರುಗುತ್ತಿದ್ದನು. ಸಂಕ್ರಾಂತಿ ಕಳೆದ ಮೇಲೆ ತಾಯಿಯು ಕೂಡಿಟ್ಟ ಹಣದಲ್ಲಿ ಮಗನಿಗೆ ಒಂದು ಜೊತೆ ಬಿಳಿಯ ಶೂ ಕೊಡಿಸಿದಳು. ಸ್ನೀಕರ್ಸ್ ಎಂದು ಹುಡುಗರು ಕರೆಯುವ ಈ ಪಾದರಕ್ಷೆ ಇಂದು ಪಟ್ಟಣದ ಕಾಲೇಜುಗಳಲ್ಲಿ ಗೌರವದ ಗುರುತಿನಂತೆ ಆಗಿಬಿಟ್ಟಿದೆ. ತಂದೆಯಿಲ್ಲದ ಹುಡುಗನು ನಾಲ್ಕು ಜನರ ನಡುವೆ ಕುಗ್ಗಬಾರದೆಂಬುದು ತಾಯಿಯ ಆಸೆ.

ಆದರೆ ಚಾಮರಾಜನಗರ ಜಿಲ್ಲೆಯ ನೆಲವು ಬಿಳಿಯ ಬಣ್ಣಕ್ಕೆ ಒಲಿದ ನೆಲವಲ್ಲ. ಒಂದು ಹೊಲ ಕೆಮ್ಮಣ್ಣಾದರೆ ಇನ್ನೊಂದು ಎರೆಯ ಮಣ್ಣು. ಚಾಮರಾಜನಗರದ ಕರಿಕಲ್ಲು ದೇಶ ವಿದೇಶಗಳಿಗೆ ಹೋಗಿ ಹೆಸರು ಮಾಡಿದೆ. ಅದರ ಪುಡಿ ಮಾತ್ರ ಇಲ್ಲಿನ ರಸ್ತೆಯ ಬದಿಯಲ್ಲೇ ಉಳಿದಿದೆ. ಮುಂಗಾರಿನಲ್ಲಿ ಗುಂಡ್ಲುಪೇಟೆಯ ಹೊಲಗಳಲ್ಲಿ ಚೆಂಡುಹೂ ಅರಳಿ ನಿಂತಾಗ ಊಟಿಗೂ ಕೇರಳಕ್ಕೂ ಹೋಗುವ ಪ್ರವಾಸಿಗರು ವಾಹನ ನಿಲ್ಲಿಸಿ ಚಿತ್ರ ತೆಗೆದುಕೊಳ್ಳುತ್ತಾರೆ. ಆ ಹೂವನ್ನು ಬಿಡಿಸುವವರ ಬೆರಳಿನ ಬಣ್ಣ ಚಿತ್ರದಲ್ಲಿ ಬೀಳುವುದಿಲ್ಲ. ಇನ್ನು ಅರಿಸಿನ. ಈ ಸೀಮೆಯ ಮುಖ್ಯ ಬೆಳೆಗಳಲ್ಲಿ ಅದೂ ಒಂದು. ಮೇಷ್ಟ್ರ ಮನೆಯವರಿಗೂ ತೆರಕಣಾಂಬಿಯ ಕಡೆ ಸ್ವಲ್ಪ ಜಮೀನಿದ್ದು, ಅರಿಸಿನವನ್ನು ಕಿತ್ತು ಬೇಯಿಸುವ ದಿನ ಹುಡುಗನು ಕಾಲೇಜಿನಿಂದ ನೇರವಾಗಿ ಅಲ್ಲಿಗೆ ಇಳಿದನು. ಸಂಜೆ ಮನೆಗೆ ಬರುವಷ್ಟರಲ್ಲಿ ಬಿಳಿಯ ಶೂಗಳ ಮೇಲೆ ಹಳದಿಯ ಕಲೆ, ಅದರ ಮೇಲೆ ಕೆಮ್ಮಣ್ಣು.

ಹುಡುಗನು ಆ ರಾತ್ರಿಯೇ ಬಚ್ಚಲಲ್ಲಿ ಕುಳಿತು ಬಟ್ಟೆಯ ಸೋಪನ್ನು ಹಚ್ಚಿ ಉಜ್ಜಿದನು. ಉಜ್ಜಿದಂತೆಲ್ಲ ಹಳದಿಯ ಕಲೆ ರಕ್ತದಂತೆ ಕೆಂಪಾಯಿತು. ಹುಡುಗ ಗಾಬರಿಯಾದನು. ಅರಿಸಿನಕ್ಕೆ ಕ್ಷಾರ ತಗುಲಿದರೆ ಬಣ್ಣ ಕೆಂಪಿಗೆ ತಿರುಗುವುದು ಅದರ ಗುಣ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಸುಣ್ಣ ಬೆರೆಸಿದಾಗ ಓಕುಳಿ ಆಗುವುದೂ ಇದರಿಂದಲೇ. ಸೋಪಿನಲ್ಲಿಯೂ ಕ್ಷಾರವಿದೆ. ಚೆನ್ನಾಗಿ ನೀರು ಹಾಕಿ ತೊಳೆದರೆ ಕೆಂಪು ಇಳಿದು ಮತ್ತೆ ಹಳದಿಯಾಗುತ್ತದೆ. ಆ ಹಳದಿಯು ಬೆಳಕಿಗೆ ದಿನಗಳೆದಂತೆ ತಾನಾಗಿಯೇ ಮಾಸುತ್ತದೆ. ಆದರೆ ಹುಡುಗನಿಗೆ ತಾಳ್ಮೆ ಇರಲಿಲ್ಲ. ಅಂಗಡಿಯಿಂದ ಬ್ಲೀಚಿಂಗ್ ಪುಡಿ ತಂದು ನೀರಿನಲ್ಲಿ ಕಲಸಿ ಶೂಗಳನ್ನು ಅದರಲ್ಲಿ ಮುಳುಗಿಸಿಟ್ಟನು. ಬೆಳಿಗ್ಗೆ ತೆಗೆದು ಸುಡುಬಿಸಿಲಿನಲ್ಲಿ ತಾರಸಿಯ ಮೇಲೆ ಒಣಗಿಸಿದನು. ಸಂಜೆ ನೋಡಿದರೆ ಕಲೆಯೇನೋ ಹೋಗಿತ್ತು. ಆದರೆ ಇಡೀ ಶೂ ಹಳೆಯ ಕಾಗದದಂತೆ ಹಳದಿಗಟ್ಟಿತ್ತು, ಬಲಗಾಲಿನದರ ಅಟ್ಟೆ ಮುಂದಿನಿಂದ ಬಾಯಿ ಬಿಟ್ಟಿತ್ತು.

ತಾಯಿ ಏನೂ ಅನ್ನಲಿಲ್ಲ. ಅದೇ ಹುಡುಗನಿಗೆ ಹೆಚ್ಚು ನೋವಾಯಿತು.

ಭಾನುವಾರ ಅವನು ಶೂಗಳನ್ನು ಚೀಲದಲ್ಲಿಟ್ಟುಕೊಂಡು ಬಸ್ ನಿಲ್ದಾಣದ ಬಳಿ ಛತ್ರಿಯ ನೆರಳಿನಲ್ಲಿ ಪಾದರಕ್ಷೆ ದುರಸ್ತಿ ಮಾಡುವವರ ಹತ್ತಿರ ಹೋದನು. ಹೋದವನು ಒಂದು ಕ್ಷಣ ಹಿಂದೆ ಸರಿದು ನಿಂತನು. ಗೋಣಿಯ ಮೇಲೆ ಕುಳಿತು ಅಂಟು ಹಚ್ಚುತ್ತಿದ್ದವನು ದಿನವೂ ಬಸ್ಸಿನಲ್ಲಿ ಅವನ ಪಕ್ಕದಲ್ಲೇ ಕುಳಿತು ಬರುವ, ಅವನಿಗೆ ಲೆಕ್ಕ ಹೇಳಿಕೊಡುವ ಗೆಳೆಯ. ರಜೆಯ ದಿನ ತಂದೆಗೆ ಕೈಗೂಡಿಸುತ್ತಿದ್ದನು. ಗೆಳೆಯನಿಗೆ ಯಾವ ಸಂಕೋಚವೂ ಆಗಲಿಲ್ಲ. "ಕೊಡೋ ಇಲ್ಲಿ" ಎಂದು ಶೂವನ್ನು ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡನು. ಸಂಕೋಚವೆಲ್ಲ ಮೇಷ್ಟ್ರ ಮೊಮ್ಮಗನಿಗೆ. ತಾನು ಮೆಟ್ಟಿದ್ದನ್ನು ಗೆಳೆಯನು ತೊಡೆಯ ಮೇಲಿಟ್ಟುಕೊಂಡ ನೋಟ ಅವನಿಗೆ ಸಹಿಸಲಾಗಲಿಲ್ಲ.

ಗೆಳೆಯನ ತಂದೆ ಶೂವನ್ನು ತಿರುಗಿಸಿ ನೋಡಿ ನಕ್ಕು, "ಇದಕ್ಕೆ ಬಿಸಿಲೂ ಪುಡಿಯೂ ಎರಡೂ ಆಗಕಿಲ್ಲ ಮಗ" ಎಂದರು. ಅಟ್ಟೆಯ ಅಂಚನ್ನು ಕೆರೆದು, ಅಂಟು ಹಾಕಿ, ಅಂಟನ್ನೇ ನಂಬದೆ ಸುತ್ತಲೂ ದಾರ ಹೊಡೆದರು. ಹೊಲಿಯುತ್ತಲೇ ಬಿಳಿಯ ಶೂವನ್ನು ಮನೆಯಲ್ಲಿ ಹೇಗೆ ಇಟ್ಟುಕೊಳ್ಳಬೇಕೆಂಬುದನ್ನು ಹೇಳಿದರು. ಮಣ್ಣು ಹಸಿಯಾಗಿದ್ದಾಗ ಉಜ್ಜಬಾರದು, ಒಣಗಲು ಬಿಟ್ಟು ಕೊಡವಬೇಕು. ಹಸಿಯಾಗಿ ಉಜ್ಜಿದರೆ ಕೆಮ್ಮಣ್ಣು ನೂಲಿನೊಳಕ್ಕೆ ಇಳಿಯುತ್ತದೆ. ಲಾಡಿಯನ್ನೂ ಒಳಗಿನ ಅಟ್ಟೆಯನ್ನೂ ಬಿಚ್ಚಿ ಬೇರೆಯಾಗಿ ತೊಳೆಯಬೇಕು. ಬಟ್ಟೆಯ ಶೂವಿಗೆ ಮೆದುವಾದ ಬ್ರಷ್ಷು, ಬಕೆಟ್ಟು ನೀರಿಗೆ ಒಂದು ಚಿಟಿಕೆ ಸೋಪಿನ ಪುಡಿ ಸಾಕು. ರಬ್ಬರಿನ ಅಂಚಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸ್ವಲ್ಪ ಪೇಸ್ಟ್ ಹಚ್ಚಿ ತಿಕ್ಕಿದರೆ ಕಪ್ಪು ಗೆರೆ ಹೋಗುತ್ತದೆ. ಚರ್ಮದಂತೆ ಕಾಣುವ ಮೇಲ್ಮೈಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕೇ ಹೊರತು ನೆನೆಯಿಡಬಾರದು. ಒಣಗಿಸುವುದು ನೆರಳಿನಲ್ಲಿ, ಒಳಗೆ ಬಿಳಿಯ ಕಾಗದ ತುಂಬಿ. ಅಚ್ಚಾದ ವೃತ್ತಪತ್ರಿಕೆಯಾದರೆ ಮಸಿ ಹತ್ತುತ್ತದೆ.

ಕೊನೆಗೆ ಅವರು ಹೇಳಿದ ಮಾತೇ ಮುಖ್ಯವಾದದ್ದು. "ಹಳದಿ ಆಗಿರೋದು ಕೊಳೆಯಿಂದ ಅಲ್ಲ ಮಗ. ಸೋಪು ಒಳಗೇ ಉಳಕಂಡದೆ. ಕೊಳೆ ಹೋಗೋಗಂಟ ಉಜ್ಜತೀರಿ, ಸೋಪು ಹೋಗೋಗಂಟ ಜಾಲಿಸಕಿಲ್ಲ. ಒಣಗುವಾಗ ಅದೇ ಮೇಲಕ್ಕೆ ಬಂದು ಕಲೆಯಾಯ್ತದೆ."

ಇದು ಅನುಭವದ ಮಾತೂ ಹೌದು, ಶಾಸ್ತ್ರದ ಮಾತೂ ಹೌದು. ಒದ್ದೆಯ ಬಟ್ಟೆ ಒಣಗುವಾಗ ಒಳಗಿನ ನೀರು ಹೊರಮೈಗೆ ಬಂದು ಆವಿಯಾಗುತ್ತದೆ. ತನ್ನಲ್ಲಿ ಕರಗಿದ್ದ ಸೋಪನ್ನೂ ಲವಣವನ್ನೂ ಹೊರಮೈಯಲ್ಲಿಯೇ ಬಿಟ್ಟುಹೋಗುತ್ತದೆ. ಕೊಳವೆಬಾವಿಯ ಗಡಸು ನೀರಿರುವ ಕಡೆ ಈ ತೊಂದರೆ ಇನ್ನೂ ಹೆಚ್ಚು. ಆ ನೀರಿನ ಸುಣ್ಣದ ಅಂಶ ಸೋಪಿನೊಡನೆ ಸೇರಿ ಕರಗದ ಗಸಿಯಾಗಿ ನೂಲಿಗೆ ಅಂಟುತ್ತದೆ. ಮಡಿವಾಳರು ಬಟ್ಟೆಯನ್ನು ಹರಿಯುವ ನೀರಿಗೆ ಒಯ್ಯುತ್ತಿದ್ದುದಕ್ಕೆ ಇದೂ ಒಂದು ಕಾರಣ. ಹಿಂದೆ ಅವರು ಚೌಳುಮಣ್ಣಿನಲ್ಲಿ ಬಟ್ಟೆ ನೆನೆಸಿ ಉಬ್ಬೆ ಹಾಕುತ್ತಿದ್ದರು. ಆದರೆ ಬಿಳುಪು ಬರುತ್ತಿದ್ದುದು ಚೌಳಿನಿಂದ ಮಾತ್ರವಲ್ಲ, ಆ ಚೌಳು ಪೂರ್ತಿಯಾಗಿ ಹೋಗುವವರೆಗೆ ಜಾಲಿಸಿದ ತೋಳಿನ ಶ್ರಮದಿಂದ. ಈ ಜಿಲ್ಲೆಯ ಕಾಡುಗಳಿಂದ ಸೋಲಿಗರು ತರುವ ಸೀಗೆ, ಅಂಟುವಾಳಗಳು ಬಟ್ಟೆಗೂ ಕೂದಲಿಗೂ ಮೃದುವೆಂದು ಹಿರಿಯರು ಹೇಳುತ್ತಾರೆ. ಅವನ್ನೂ ಜಾಲಿಸದೆ ಬಿಟ್ಟರೆ ಜಿಗುಟೇ ಉಳಿಯುತ್ತದೆ. ಶುದ್ಧಿಗೆಂದು ಬಳಸಿದ ವಸ್ತುವು ಕೆಲಸ ಮುಗಿದ ಮೇಲೆ ಹೋಗಿಬಿಡಬೇಕು. ಹೋಗದೆ ಉಳಿದರೆ ಅದೇ ಕಲೆ.

ಕೂಲಿಯಾಗಿ ಅವರು ಕೇಳಿದ್ದು ಅತ್ಯಲ್ಪ. ಎದುರಿನ ಅಂಗಡಿಯಿಂದ ಚಹ ತರಿಸಿ ಮೂವರೂ ಕುಡಿದರು.

ಒಂದು ವಾರದ ಅನಂತರ ಆ ಗೆಳೆಯನು ಟಿಪ್ಪಣಿಯ ಪುಸ್ತಕಕ್ಕಾಗಿ ಮೇಷ್ಟ್ರ ಮನೆಗೆ ಬಂದನು. ಅದೇನೂ ಹೊಸದಲ್ಲ, ಹಿಂದೆಯೂ ಹಲವು ಸಲ ಬಂದಿದ್ದನು. ಬಂದಾಗಲೆಲ್ಲ ಜಗಲಿಯ ಮೇಲೆಯೇ ಕುಳಿತಿರುತ್ತಿದ್ದನು. ಒಳಗೆ ಬಾ ಎಂದವರಿಲ್ಲ, ಬರಬೇಡ ಎಂದವರೂ ಇಲ್ಲ. ಬಾಯಾರಿಕೆಗೆ ಅಜ್ಜಿಯು ನೀರು ಕೊಡುತ್ತಿದ್ದಳು, ಬೆಲ್ಲದ ಚೂರನ್ನೂ ಕೊಡುತ್ತಿದ್ದಳು. ಆದರೆ ಆ ನೀರಿನ ಲೋಟ ಬೇರೆ. ಜಗಲಿಯ ಗೋಡೆಯ ಗೂಡಿನಲ್ಲಿ ಬೋರಲು ಹಾಕಿದ್ದ ಒಂದು ಸ್ಟೀಲಿನ ಲೋಟ. ಅದು ಯಾವಾಗ ಅಲ್ಲಿಗೆ ಬಂದಿತೆಂದು ಯಾರಿಗೂ ನೆನಪಿಲ್ಲ. ಹುಟ್ಟಿದಾಗಿನಿಂದ ಅದನ್ನು ಅಲ್ಲಿಯೇ ಕಂಡಿದ್ದ ಮೊಮ್ಮಗನಿಗೆ ಅದು ಗೋಡೆಯ ಒಂದು ಭಾಗದಂತೆಯೇ ಇತ್ತು. ಅಂದು ಅಜ್ಜಿಯ ಕೈ ಗೂಡಿನ ಕಡೆ ಹೋದಾಗ ಮಾತ್ರ ಅದು ಮೊದಲ ಬಾರಿಗೆ ಅವನ ಕಣ್ಣಿಗೆ ಬಿದ್ದಿತು.

ಗೆಳೆಯ ಹೋದ ಮೇಲೆ ಅವನು ಕೇಳಿದನು: "ತಾತ, ಆ ಲೋಟ ಯಾಕೆ ಹೊರಗಿರುತ್ತೆ?"

ಮೇಷ್ಟ್ರು ಪುಸ್ತಕದಿಂದ ತಲೆಯೆತ್ತದೆ, "ಅದು ಹಿಂದಿನಿಂದ ಬಂದದ್ದು ಕಣಪ್ಪ" ಎಂದರು.

"ನನ್ನ ಶೂ ಅವನು ತೊಡೆ ಮೇಲೆ ಇಟ್ಟುಕೊಂಡಿದ್ದ ತಾತ. ಅವರಪ್ಪ ನನಗೆ ಚಹ ಕುಡಿಸಿದರು. ಹರಳಯ್ಯನವರ ಮನೆಯಲ್ಲಿ ಬಸವಣ್ಣನವರಿಗೆ ಬೇರೆ ಲೋಟ ಇತ್ತಾ?"

ಮೇಷ್ಟ್ರು ಉತ್ತರ ಕೊಡಲಿಲ್ಲ. ಅವರ ತೊಡೆಯ ಮೇಲೆ ತೆರೆದಿದ್ದುದು ವಚನಗಳ ಪುಸ್ತಕವೇ. ಬಸವಜಯಂತಿಗೆ ಇನ್ನು ಕೆಲವೇ ವಾರಗಳಿದ್ದವು.

ಬಸವಣ್ಣನವರು ಏಳು ನಿಷೇಧಗಳನ್ನು ಒಂದರ ಹಿಂದೆ ಒಂದರಂತೆ ಹೇಳಿ, ಅವುಗಳ ಪಾಲನೆಯೇ ಅಂತರಂಗದ ಶುದ್ಧಿ, ಅದೇ ಬಹಿರಂಗದ ಶುದ್ಧಿ, ಕೂಡಲಸಂಗಮದೇವನನ್ನು ಒಲಿಸುವ ದಾರಿಯೂ ಅದೇ ಎಂದು ಮುಗಿಸುವ ವಚನವನ್ನು ಅರಿಯದ ಭಕ್ತರಿಲ್ಲ. ಶಾಲೆಯ ಮಕ್ಕಳಿಗೂ ಅದು ಕಂಠಪಾಠ. ಆದರೆ ಕಂಠಪಾಠವಾದುದನ್ನು ನಿಂತು ನೋಡುವವರು ಕಡಮೆ. ಆ ಏಳರಲ್ಲಿ ಸ್ನಾನದ ಮಾತಿಲ್ಲ, ಮಡಿಬಟ್ಟೆಯ ಮಾತಿಲ್ಲ, ಪಾತ್ರೆಯ ಮಾತಿಲ್ಲ. ಕಳವು, ಕೊಲೆ, ಸುಳ್ಳು, ಕೋಪ, ಇತರರನ್ನು ಕಂಡು ಹೇಸುವುದು, ತನ್ನನ್ನು ತಾನು ಹೊಗಳಿಕೊಳ್ಳುವುದು, ಎದುರಿನವರನ್ನು ಹಳಿಯುವುದು: ಇವಿಷ್ಟೇ ಅಲ್ಲಿ ಹೇಳಿರುವ ಕೊಳೆ. ಹೊರಗಿನ ಶುದ್ಧಿಯನ್ನು ಹೇಳುವಲ್ಲಿಯೂ ಬಸವಣ್ಣನವರು ನೀರನ್ನು ತರಲಿಲ್ಲ, ನಡತೆಯನ್ನೇ ತಂದರು. ಒಳಗಿನದಕ್ಕೆ ಒಂದು, ಹೊರಗಿನದಕ್ಕೆ ಒಂದು ಎಂದು ಎರಡು ಪಟ್ಟಿ ಮಾಡಲಿಲ್ಲ. ಒಂದೇ ಪಟ್ಟಿ.

ಆ ಏಳರಲ್ಲಿ ಐದನೆಯದು ಮೇಷ್ಟ್ರನ್ನು ತಡೆದು ನಿಲ್ಲಿಸಿತು. ಕಳವು ಅವರು ಮಾಡಿದವರಲ್ಲ, ಸುಳ್ಳು ಹೇಳಿದವರಲ್ಲ, ಕೋಪವನ್ನು ಪ್ರಯತ್ನದಿಂದ ಗೆದ್ದವರು. ಹೇಸಿಕೆಯನ್ನು ಕುರಿತು ಮಾತ್ರ ಅವರು ಎಂದೂ ತಮ್ಮನ್ನು ಪ್ರಶ್ನಿಸಿಕೊಂಡಿರಲಿಲ್ಲ. ಏಕೆಂದರೆ ಅದು ಅವರಲ್ಲಿ ಹೇಸಿಕೆಯ ರೂಪದಲ್ಲಿ ಇರಲೇ ಇಲ್ಲ, ಪದ್ಧತಿಯ ರೂಪದಲ್ಲಿತ್ತು. ಮುಖ ಗಂಟಿಕ್ಕಿದವರಿಲ್ಲ, ಗದರಿದವರಿಲ್ಲ. ಒಂದು ಲೋಟ ಗೂಡಿನಲ್ಲಿ ಸುಮ್ಮನೆ ಕುಳಿತು ಆ ಕೆಲಸವನ್ನು ಅವರ ಪರವಾಗಿ ಮಾಡುತ್ತಿತ್ತು.

ಶರಣರು ಪಂಚಸೂತಕಗಳನ್ನು ನಿರಾಕರಿಸಿದರೆಂಬುದು ಭಕ್ತರಿಗೆ ತಿಳಿದದ್ದೇ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದರಲ್ಲಿ ಸೂತಕವಿಲ್ಲವೆಂದು ಸಾರಿದ ಧರ್ಮವಿದು. ಆ ಗೂಡಿನ ಲೋಟದಲ್ಲಿ ಎರಡು ಸೂತಕಗಳು ಒಟ್ಟಿಗೇ ನೆಲೆಸಿದ್ದವು, ಎಂಜಲಿನದು ಮತ್ತು ಜಾತಿಯದು. ಲಿಂಗವು ಅಂಗದ ಮೇಲಿರುವ ಮನೆಯ ಹೊಸ್ತಿಲಿನ ಆಚೆ ಅವೆರಡೂ ಸುರಕ್ಷಿತವಾಗಿದ್ದವು.

ಹರಳಯ್ಯನವರ ಕಥೆಯನ್ನು ಇಲ್ಲಿ ಸ್ಮರಿಸಬೇಕು. ದಾರಿಯಲ್ಲಿ ಕಂಡು ಶರಣು ಎಂದ ಹರಳಯ್ಯನವರಿಗೆ ಬಸವಣ್ಣನವರು ಶರಣು ಶರಣಾರ್ಥಿ ಎಂದು ಪ್ರತಿವಂದನೆ ಮಾಡಿದರು. ಒಂದು ಶರಣಿಗೆ ಎರಡು ಶರಣು ಬಂದಿತು, ಆ ಹೆಚ್ಚಿನ ಭಾರವನ್ನು ಇಳಿಸುವುದು ಹೇಗೆಂದು ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮವನ್ನೇ ತೆಗೆದು ಪಾದರಕ್ಷೆ ಮಾಡಿದರು. ಬಸವಣ್ಣನವರು ಅವನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತುಕೊಂಡರು. ಮುಂದೆ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ವಿವಾಹವಾಗಿ, ಅದನ್ನು ಸಹಿಸದವರು ಎಳೆಹೂಟೆಯ ಶಿಕ್ಷೆ ಕೊಡಿಸಿ, ಕಲ್ಯಾಣವೇ ಹೊತ್ತಿ ಉರಿಯಿತು. ಇಲ್ಲಿ ಗಮನಿಸಬೇಕಾದುದು ಒಂದಿದೆ. ತೊಡೆಯ ಚರ್ಮದ ತ್ಯಾಗವನ್ನು ಕೇಳಿ ಕಣ್ಣೀರಿಡುವುದು ಸುಲಭ. ಅಲ್ಲಿ ಕೊಟ್ಟವರು ಹರಳಯ್ಯನವರು, ಕೇಳುವವರು ಏನನ್ನೂ ಕೊಡಬೇಕಾಗಿಲ್ಲ. ಕಲ್ಯಾಣವನ್ನು ಸುಟ್ಟದ್ದು ಪಾದರಕ್ಷೆಯಲ್ಲ, ಮನೆಮನೆಯ ನಡುವಿನ ಸಂಬಂಧ. ಹೊಸ್ತಿಲು ದಾಟಿದುದಕ್ಕೇ ಅಷ್ಟು ರಕ್ತ ಹರಿಯಿತು.

ಈ ಸೀಮೆಯವರಿಗೆ ಇದು ಪುಸ್ತಕದಿಂದ ಮಾತ್ರ ಬಂದ ಕಥೆಯೂ ಅಲ್ಲ. ಮಲೆ ಮಹದೇಶ್ವರರ ಕಾವ್ಯವನ್ನು ಕಂಸಾಳೆಯವರು ಹಾಡುವಾಗ ಶ್ರವಣ ದೊರೆಯ ಸಾಲಿನಲ್ಲಿ ಹರಳಯ್ಯನ ಹೆಸರೂ ಅವನು ಮಾಡಿದ ಪಾದರಕ್ಷೆಗಳೂ ಬರುತ್ತವೆ. ನೀಲಗಾರರು ಹಾಡುವ ಮಂಟೇಸ್ವಾಮಿಯವರ ಕಾವ್ಯದಲ್ಲಿ ಧರೆಗೆ ದೊಡ್ಡವರು ಕೊಳಕಾದ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾರೆ. ಬಾಗಿಲಲ್ಲಿದ್ದವರು ಹೇಸಿ ದೂರ ಸರಿಯುತ್ತಾರೆ. ಬಸವಣ್ಣನವರು ಬಂದು ಒಳಗೆ ಬರಮಾಡಿಕೊಳ್ಳುತ್ತಾರೆ. ರಾತ್ರಿಯಿಡೀ ಈ ಹಾಡುಗಳನ್ನು ಕೇಳಿ ಬೆಳೆದ ನಾಡು ಇದು. ಆದರೂ 2022ರ ನವೆಂಬರ್ ತಿಂಗಳಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರ ಗ್ರಾಮದಲ್ಲಿ, ಮದುವೆಗೆಂದು ಬಂದಿದ್ದ ದಲಿತ ಮಹಿಳೆಯೊಬ್ಬರು ಕುಡಿಯುವ ನೀರಿನ ತೊಂಬೆಯ ನಲ್ಲಿಯಿಂದ ನೀರು ಕುಡಿದರೆಂದು ಆ ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು ಗೋಮೂತ್ರದಿಂದ ತೊಳೆಯಲಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಆ ತೊಂಬೆಯಿದ್ದುದು ಲಿಂಗಾಯತರ ಬೀದಿಯಲ್ಲಿ. ಆ ವರದಿಯನ್ನು ಓದಿದ ದಿನ ಮೇಷ್ಟ್ರು ನಾಚಿ, ಹೀಗೂ ಉಂಟೇ ಎಂದು ಮಿತ್ರರೊಡನೆ ಹೇಳಿದ್ದರು. ಈಗ ಮೊಮ್ಮಗನ ಪ್ರಶ್ನೆಯ ಮುಂದೆ ಕುಳಿತಾಗ ಅವರಿಗೆ ತಿಳಿಯಿತು, ಆ ಊರಿನ ತೊಂಬೆಯೂ ತಮ್ಮ ಗೂಡಿನ ಲೋಟವೂ ಗಾತ್ರದಲ್ಲಿ ಮಾತ್ರ ಬೇರೆ ಎಂದು.

ಮರುದಿನ ಮೇಷ್ಟ್ರು ತಮ್ಮ ಹಳೆಯ ಚಪ್ಪಲಿಯನ್ನು ಹಿಡಿದು ಬಸ್ ನಿಲ್ದಾಣದ ಬಳಿಗೆ ಹೋದರು. ಆ ಮನುಷ್ಯರು ದಡಬಡಿಸಿ ಎದ್ದು ನಿಂತು, "ಬುದ್ದಿ, ನೀವ್ಯಾಕೆ ಬಂದ್ರಿ? ಹೇಳಿಕಳಿಸಿದ್ರೆ ನಾನೇ ಬತ್ತಿದ್ದೆ" ಎಂದರು. ಮೇಷ್ಟ್ರು ಗೋಣಿಯ ಅಂಚಿನಲ್ಲಿ ಕುಳಿತರು. ಏನು ಮಾತನಾಡಬೇಕೆಂದು ತೋಚಲಿಲ್ಲ. ಕೊನೆಗೆ, "ಮೊಮ್ಮಗನ ಶೂ ಚೆನ್ನಾಗಿ ಹೊಲಿದುಕೊಟ್ಟಿದ್ದೀರಿ" ಎಂದರು.

ದಾರವನ್ನು ಮೇಣದಲ್ಲಿ ಎಳೆಯುತ್ತ ಅವರು ಹೇಳಿದರು: "ನಾನೂ ನಿಮ್ಮ ಸ್ಕೂಲಲ್ಲೇ ಓದಿದ್ದು ಬುದ್ದಿ. ಐದ್ನೇ ಕ್ಲಾಸಿನಗಂಟ. ಆಗಸ್ಟ್ ಹದಿನೈದಕ್ಕೆ ಕವಾಯತು ಮಾಡಸ್ತಿದ್ರಿ. ಬಿಳಿ ಕ್ಯಾನ್ವಾಸ್ ಶೂ ಇದ್ದೋರು ಮುಂದೆ, ಇಲ್ದೋರು ಹಿಂದೆ. ನಮ್ಮಪ್ಪ ಊರಿಗೆಲ್ಲ ಮೆಟ್ಟು ಹೊಲಿಯೋನು, ನಾನು ಬರಿಗಾಲಲ್ಲಿ ಹಿಂದೆ ನಿಂತಿದ್ದೆ." ಇದನ್ನು ಅವರು ದೂರಿನಂತೆ ಹೇಳಲಿಲ್ಲ, ನಗುನಗುತ್ತಲೇ ಹೇಳಿದರು.

ಮೇಷ್ಟ್ರಿಗೆ ಆ ಸಾಲು ನೆನಪಿತ್ತು. ಕ್ಯಾನ್ವಾಸ್ ಶೂ ಕೊಳೆಯಾಗಿದ್ದ ಹುಡುಗರಿಗೆ ಕರಿಹಲಗೆಯ ಬಳಿಯ ಸೀಮೆಸುಣ್ಣವನ್ನು ಕೊಟ್ಟು ಬಳಿದುಕೊಳ್ಳಿ ಎಂದು ಹೇಳುತ್ತಿದ್ದುದೂ ನೆನಪಿತ್ತು. ಮುಂದಿನ ಸಾಲು ಬೆಳ್ಳಗೆ ಹೊಳೆಯಬೇಕು, ತಪಾಸಣೆಗೆ ಬಂದವರು ಮೆಚ್ಚಬೇಕು. ಹಿಂದಿನ ಸಾಲಿನ ಹುಡುಗರ ಒಂದು ಮುಖವೂ ನೆನಪಿಗೆ ಬರಲಿಲ್ಲ. 2015ರ ಅನಂತರ ರಾಜ್ಯದ ಸರ್ಕಾರಿ ಶಾಲೆಯ ಮಕ್ಕಳಿಗೆ ಸರ್ಕಾರವೇ ಶೂ, ಕಾಲುಚೀಲಗಳನ್ನು ಕೊಡುವ ಯೋಜನೆ ಬಂದಿತು. ಅದಕ್ಕೂ ಮೂವತ್ತು ವರ್ಷಗಳ ಹಿಂದೆ ಬರಿಗಾಲಿನಲ್ಲಿ ನಿಂತಿದ್ದವರಿಗೆ ಅದು ತಲುಪುವಂತಿರಲಿಲ್ಲ.

ಏಳುವಾಗ ಮೇಷ್ಟ್ರು, "ಸೋಮವಾರ ಮನೆಗೆ ಪ್ರಸಾದಕ್ಕೆ ಬನ್ನಿ, ಮನೆಯವರನ್ನೂ ಕರೆತನ್ನಿ" ಎಂದರು. "ಆಗಲಿ ಬುದ್ದಿ, ಬಿಡುವಾದಾಗ ಬತ್ತೀನಿ" ಎಂಬ ಉತ್ತರ ಬಂದಿತು.

ಆ ಸೋಮವಾರ ಅವರು ಬರಲಿಲ್ಲ. ಮುಂದಿನ ಸೋಮವಾರವೂ ಬರಲಿಲ್ಲ. ಮನೆಯಲ್ಲಿ ಅಡುಗೆ ಮಾಡಿ ಕಾದದ್ದಾಯಿತು. ಅಜ್ಜಿಯು, "ಅವರಿಗೇ ಇಷ್ಟವಿಲ್ಲದ ಮೇಲೆ ನಾವೇನು ಮಾಡುವುದು" ಎಂದಳು. ಆ ಮಾತಿನಲ್ಲಿ ಸ್ವಲ್ಪ ನೆಮ್ಮದಿಯೂ ಇತ್ತು. ಆದರೆ ಸೊಸೆಯು, ಎಂದೂ ಮಾವನವರ ಎದುರಿಗೆ ಮಾತನಾಡದವಳು, ಮೆಲ್ಲನೆ ಹೇಳಿದಳು: "ಇಷ್ಟು ವರ್ಷ ಜಗಲಿಯಲ್ಲಿ ಕೂರಿಸಿದವರು ಒಂದು ದಿನ ಒಳಗೆ ಕರೆದರೆ ಅವರು ಹೇಗೆ ನಂಬುತ್ತಾರೆ ಮಾವ? ಮೊದಲು ನಾವು ಹೋಗಬೇಕಲ್ಲವೇ?"

ಕರೆಯುವುದರಲ್ಲಿಯೂ ಒಂದು ಮೇಲುತನ ಉಂಟು. ಬಾಗಿಲು ತನ್ನದು, ತೆರೆಯುವ ಕೈ ತನ್ನದು, ತೆರೆದ ಪುಣ್ಯವೂ ತನಗೇ. ಹೋಗುವುದರಲ್ಲಿ ಆ ಮೇಲುತನ ಇಲ್ಲ. ಅಲ್ಲಿ ಬಾಗಿಲು ಇನ್ನೊಬ್ಬರದು. ಬಸವಣ್ಣನವರು ತಮಗಿಂತ ಕಿರಿಯರಿಲ್ಲವೆಂದು ಭಾವಿಸಿ ನಡೆದರೆಂದು ಹೇಳುವಾಗ ಈ ವ್ಯತ್ಯಾಸ ಮನಸ್ಸಿನಲ್ಲಿರಬೇಕು.

ಬಸವಜಯಂತಿಯ ಹಿಂದಿನ ದಿನ ಸಂಜೆ ಮೇಷ್ಟ್ರು ಸೊಸೆ ಮೊಮ್ಮಗನೊಡನೆ ಆ ಬೀದಿಗೆ ಹೋದರು. ಐವತ್ತು ವರ್ಷ ಅದೇ ಊರಿನಲ್ಲಿದ್ದೂ ಆ ಬೀದಿಯೊಳಕ್ಕೆ ಹೋದದ್ದು ಅದೇ ಮೊದಲು. ಎರಡು ಕೋಣೆಯ ಮನೆ, ಸಾರಿಸಿದ ಅಂಗಳ. ಗೋಡೆಯ ಮೇಲೆ ಅಂಬೇಡ್ಕರರ ಪಟ, ಪಕ್ಕದಲ್ಲಿ ಮಾದೇಶ್ವರನ ಪಟ. ಮನೆಯಾಕೆ ಚಾಪೆ ಹಾಸಿ ಚೊಂಬಿನಲ್ಲಿ ನೀರು ತಂದಿಟ್ಟು ಹಿಂದೆ ಸರಿದು ನಿಂತರು. ಕುಡಿಯುತ್ತಾರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ಎಲ್ಲರೂ ನೋಡುತ್ತಿದ್ದರು. ಮೇಷ್ಟ್ರು ಚೊಂಬನ್ನು ಎತ್ತಿಕೊಂಡರು. ಕೈ ನಡುಗಿದುದು ವಯಸ್ಸಿನಿಂದಲೋ ಎಪ್ಪತ್ತು ವರ್ಷದ ರೂಢಿಯಿಂದಲೋ ಹೇಳಲಾಗದು. ಒಂದು ಕ್ಷಣ ತಡೆದು, ಅನಂತರ ಪೂರ್ತಿ ಕುಡಿದರು. ಅದು ಬರಿಯ ನೀರಾಗಿತ್ತು. ಅವರ ಮನೆಯ ನಲ್ಲಿಯಲ್ಲಿ ಬರುವುದೂ ಅದೇ ನೀರು.

ಮಾತು ಮಕ್ಕಳ ಓದಿನ ಕಡೆಗೆ, ಮಳೆಯ ಕಡೆಗೆ, ಅರಿಸಿನದ ಧಾರಣೆಯ ಕಡೆಗೆ ಹರಿಯಿತು. ಏಳುವ ಹೊತ್ತಿಗೆ ಮೇಷ್ಟ್ರು, "ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದು ತಪ್ಪಾಯಿತು" ಎಂದು ಕೈಮುಗಿದರು. ಮನೆಯ ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೋಗಿಬನ್ನಿ ಮೇಷ್ಟ್ರೇ" ಎಂದರು. ಬುದ್ದಿ ಎನ್ನಲಿಲ್ಲ.

ಮರುದಿನದ 

ಸಭೆಯಲ್ಲಿ ಮೇಷ್ಟ್ರು ಹರಳಯ್ಯನವರ ಕಥೆಯನ್ನು ಹೇಳಲಿಲ್ಲ. ಏಳು ನಿಷೇಧಗಳ ಆ ವಚನವನ್ನು ಓದಿ, ಐದನೆಯದರ ಬಳಿ ನಿಂತು, "ಇದೊಂದನ್ನು ಪ್ರತಿಯೊಬ್ಬರೂ ಮನೆಗೆ ಹೋಗಿ ಹುಡುಕಬೇಕು. ಮನಸ್ಸಿನಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ, ಜಗಲಿಯಲ್ಲಿ ಹುಡುಕಬೇಕು" ಎಂದಷ್ಟೇ ಹೇಳಿ ಕುಳಿತರು. ಹಿಂದಿನ ಸಂಜೆಯ ವಿಷಯವನ್ನು ಎತ್ತಲಿಲ್ಲ. ಎತ್ತಿದ್ದರೆ ಆರನೆಯ ನಿಷೇಧಕ್ಕೆ ತಪ್ಪಿದಂತಾಗುತ್ತಿತ್ತು. ಕೆಲವರಿಗೆ ಈ ಉಪನ್ಯಾಸ ರುಚಿಸಲಿಲ್ಲ. ಮೇಷ್ಟ್ರಿಗೆ ವಯಸ್ಸಾಯಿತೆಂದು ಆಡಿಕೊಂಡರು.

ಆ ಸೋಪಿನ ಮಾತಿಗೆ ಮರಳಿ ಬರಬೇಕು. ಆಚಾರ, ನಿಯಮ, ವಿಭೂತಿ, ಪೂಜೆ, ಪಾರಾಯಣ ಇವೆಲ್ಲ ಮನಸ್ಸಿನ ಕೊಳೆಯನ್ನು ತೆಗೆಯಲು ಬಂದ ಸಾಧನಗಳು. ಕೊಳೆಯೊಡನೆ ಅಹಂಕಾರವೂ ಜಾಲಿಸಿ ಹೋಗಬೇಕು. ಹೋಗದೆ, ನಾನು ಶುದ್ಧನೆಂಬ ಭಾವವಾಗಿ ಒಳಗೆ ಉಳಿದರೆ, ಬಾಳಿನ ಬಿಸಿಲಿಗೆ ಅದೇ ಮೇಲೆ ಬಂದು ಕಲೆಯಾಗುತ್ತದೆ. ವಚನವೂ ಇದಕ್ಕೆ ಹೊರತಲ್ಲ. ನಡೆಯಾಗದೆ ನಾಲಗೆಯಲ್ಲಿಯೇ ಉಳಿದ ವಚನ ಜಾಲಿಸದೆ ಬಿಟ್ಟ ಸೋಪಿನಂತೆ. ಮಡಿವಾಳ ಮಾಚಿದೇವರು ಬಟ್ಟೆಯನ್ನು ಒಗೆದರು ಎನ್ನುವುದಕ್ಕಿಂತ ಕೊನೆಯ ನೀರಿನವರೆಗೆ ಜಾಲಿಸಿದರು ಎನ್ನುವುದು ಹೆಚ್ಚು ಸರಿಯಾದೀತು.

ಹುಡುಗನ ಶೂ ಈಗ ಅಷ್ಟು ಬಿಳಿಯಾಗಿಲ್ಲ. ಒಂದು ಬಗೆಯ ಕೆನೆಯ ಬಣ್ಣ ಉಳಿದುಕೊಂಡಿದೆ, ಅಟ್ಟೆಯ ಸುತ್ತ ದಾರದ ಹೊಲಿಗೆ ಕಾಣುತ್ತದೆ. ಭಾನುವಾರ ಅವನೇ ಅದನ್ನು ತೊಳೆಯುತ್ತಾನೆ. ಮೂರು ಬಕೆಟ್ಟು ನೀರಿನಲ್ಲಿ ಜಾಲಿಸಿ, ಮೇಲೆ ಬಿಳಿಯ ತೆಳುಕಾಗದ ಸುತ್ತಿ ನೆರಳಿನಲ್ಲಿಡುತ್ತಾನೆ. ಉಳಿದ ಸೋಪೇನಾದರೂ ಇದ್ದರೆ ಆ ಕಾಗದಕ್ಕೆ ಹತ್ತುತ್ತದೆ.

ಗೂಡಿನ ಲೋಟವನ್ನು ಯಾರೂ ಎಸೆಯಲಿಲ್ಲ. ಬಸವಜಯಂತಿಯ ರಾತ್ರಿ ಸೊಸೆಯು ಅದನ್ನು ಬೆಳಗಿ ಅಡುಗೆಮನೆಯ ಉಳಿದ ಲೋಟಗಳೊಡನೆ ಇಟ್ಟಳು. ಅಜ್ಜಿಯು ಮೊದಮೊದಲು ನೀರು ಕುಡಿಯುವಾಗ ಲೋಟವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಎಲ್ಲವೂ ಒಂದೇ ಅಂಗಡಿಯ ಸ್ಟೀಲು, ಒಂದೇ ಅಳತೆ. ಯಾವುದು ಯಾವುದೆಂದು ತಿಳಿಯದೆ ಆಕೆಯೂ ಈಗ ಹುಡುಕುವುದನ್ನು ಬಿಟ್ಟಿದ್ದಾಳೆ. ಗೆಳೆಯನು ಬಂದರೆ ಅಡುಗೆಮನೆಯಿಂದ ಕೈಗೆ ಸಿಕ್ಕ ಲೋಟದಲ್ಲಿ ನೀರು ಬರುತ್ತದೆ.